ಅಮ್ಮನೂ ಚಿಕ್ಕಮ್ಮನೂ ಸಿಕ್ಕಿಬಿದ್ದ ರಾತ್ರಿ

ಮಕ್ಕಳು ಕದ್ದು ಆಡಿ ದೊಡ್ಡವರಿಂದ ಬೈಸಿಕೊಂಡ ಕಥೆ ಎಲ್ಲರ ಮನೆಯಲ್ಲೂ ಒಂದಾದರೂ ಇರುತ್ತದೆ. ನಮ್ಮ ಮನೆಯದು ಸ್ವಲ್ಪ ತಿರುಗುಮುರುಗು. ನಮ್ಮಲ್ಲಿ ಕದ್ದು ಆಡಿದವರು ನನ್ನ ಅಮ್ಮ ಮತ್ತು ಚಿಕ್ಕಮ್ಮ. ಹಿಡಿದವರು ಅಜ್ಜಿ. ಬಾಗಿಲ ಸಂದಿಯಲ್ಲಿ ಬಾಯಿಗೆ ಕೈ ಅಡ್ಡ ಹಿಡಿದು ನೋಡುತ್ತಾ ನಿಂತವರು ನಾನು ಮತ್ತು ನನ್ನ ತಂಗಿ. ಮಳೆಗಾಲದಲ್ಲಿ ಒಲೆಯ ಮುಂದೆ ನಾಲ್ಕು ಜನ ಸೇರಿದರೆ ನಮ್ಮ ಮನೆಯಲ್ಲಿ ಈಗಲೂ ಯಾರಾದರೊಬ್ಬರು ಇದನ್ನು ಶುರು ಮಾಡುತ್ತಾರೆ. ಇವತ್ತು ನಾನು ಹೇಳುತ್ತೇನೆ.

1980ರ ದಶಕದ ಮಾತು. ಕಾರ್ಕಳದಾಚೆ ಗದ್ದೆ, ತೋಡು, ಗುಡ್ಡೆಗಳ ನಡುವೆ ನಮ್ಮ ಅಜ್ಜಿಮನೆ. ಅಪ್ಪನಿಗೆ ಆಗಾಗ ವರ್ಗವಾಗುವ ಕೆಲಸವಾದ್ದರಿಂದ ಅಮ್ಮ ನಮ್ಮಿಬ್ಬರನ್ನು ಕಟ್ಟಿಕೊಂಡು ಅಲ್ಲೇ ಉಳಿದಿದ್ದಳು. ಆ ವರ್ಷದ ಬೇಸಗೆಯಲ್ಲಿ ಚಿಕ್ಕಮ್ಮನ ಮದುವೆಯಾಗಿತ್ತು. ತುಳುನಾಡಿನಲ್ಲಿ ಹೊಸ ಮದುಮಗಳು ಮೊದಲ ಆಟಿಗೆ ತವರಿಗೆ ಬಂದು ಕೂರುವ ಕ್ರಮ ಉಂಟು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತಿಂಗಳು ಅದು. ಹಾಗೆ ಚಿಕ್ಕಮ್ಮ ಬಂದಳು. ಕೊರಳಲ್ಲಿ ಹೊಸ ಕರಿಮಣಿ, ಎರಡೂ ಕೈತುಂಬ ಗಾಜಿನ ಬಳೆ. ಬಂದವಳು ಚಹಾ ಕುಡಿದು, ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ನಮ್ಮ ಜೊತೆ ಜುಬಿಲಿ ಆಡಲು ನಿಂತೇಬಿಟ್ಟಳು.

ಅಂಗಳವಿಡೀ ಪಾಚಿ ಕಟ್ಟಿತ್ತು. ಆದ್ದರಿಂದ ಜಗಲಿಯ ನೆಲದ ಮೇಲೆಯೇ ಇದ್ದಿಲಿನಿಂದ ಮನೆ ಬರೆದೆವು. ಹಂಚಿನ ಚೂರನ್ನು ಕಲ್ಲಿಗೆ ತಿಕ್ಕಿ ದುಂಡಗೆ ಮಾಡಿದರೆ ಅದೇ ಬಿಲ್ಲೆ. ಒಂಟಿಕಾಲಿನಲ್ಲಿ ಕುಪ್ಪಳಿಸುತ್ತಾ ಬಿಲ್ಲೆಯನ್ನು ಮನೆಯಿಂದ ಮನೆಗೆ ತಳ್ಳಬೇಕು, ಗೆರೆ ತುಳಿಯಬಾರದು. ಜುಬಿಲಿ ಸಾಕಾದರೆ ಕಲ್ಲಾಟ. ತೋಡಿನಿಂದ ಆರಿಸಿ ತಂದ ಐದು ನುಣುಪು ಕಲ್ಲು. ಒಂದನ್ನು ಮೇಲೆ ಹಾರಿಸಿ, ಅದು ಬೀಳುವುದರೊಳಗೆ ನೆಲದ ಕಲ್ಲನ್ನು ಬಾಚಿ, ಹಾರಿದ್ದನ್ನೂ ಹಿಡಿಯಬೇಕು. ಮೊದಲು ಒಂದೊಂದು, ಆಮೇಲೆ ಎರಡೆರಡು, ಮೂರು, ನಾಲ್ಕೂ ಒಟ್ಟಿಗೆ. ಕೊನೆಗೆ ಐದನ್ನೂ ಹಾರಿಸಿ ಅಂಗೈಯ ಹಿಂಬದಿಯಲ್ಲಿ ಹಿಡಿದು ಲೆಕ್ಕ ಮಾಡುವುದು. ಚಿಕ್ಕಮ್ಮನ ಕೈ ಎಷ್ಟು ಚುರುಕು ಎಂದರೆ ನಮಗೆ ಸರದಿಯೇ ಬರುತ್ತಿರಲಿಲ್ಲ. ಕಡೆಗೆ ನನ್ನ ತಂಗಿ ಒಂದು ಹೊಸ ಕಾನೂನು ತಂದಳು. ಬಳೆ ಸದ್ದಾದರೆ ಔಟ್! ಮದುಮಗಳು ಬಳೆ ತೆಗೆದಿಡುವ ಹಾಗಿಲ್ಲ, ಬಳೆ ಸದ್ದು ಮಾಡದೆ ಇರುವುದಿಲ್ಲ. ಆಮೇಲೆ ಪ್ರತಿ ಆಟದಲ್ಲೂ ಚಿಕ್ಕಮ್ಮನೇ ಮೊದಲು ಔಟ್.

ಆಟಿಯೆಂದರೆ ಹಾಗೆ. ನಟ್ಟಿ ಮುಗಿದು ಹೆಂಗಸರ ಕೈ ಖಾಲಿ, ಕಣಜವೂ ಖಾಲಿ. ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ.ಗೂ ಮೀರಿ ಮಳೆ ಬೀಳುವ ಸೀಮೆಯದು. ಅದರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದುಹೋಗುತ್ತದೆ. ಹೊರಗೆ ಹೋಗುವಂತಿಲ್ಲ, ಪೇಟೆಯಿಂದ ಏನೂ ತರುವಂತಿಲ್ಲ. ಕೆಸುವಿನ ಎಲೆಯ ಪತ್ರೊಡೆ, ತಜಂಕಿನ ಪಲ್ಯ, ಬೇಸಗೆಯಲ್ಲಿ ಉಪ್ಪುನೀರಿಗೆ ಹಾಕಿಟ್ಟ ಹಲಸಿನ ಸೊಳೆ, ಕೆಂಡದಲ್ಲಿ ಸುಟ್ಟ ಹಲಸಿನ ಬೀಜ ಇವುಗಳಲ್ಲೇ ತಿಂಗಳು ಕಳೆಯಬೇಕು. ಅಮಾವಾಸ್ಯೆಯ ಬೆಳಿಗ್ಗೆ ಹಾಲೆಮರದ ತೊಗಟೆಯ ಕಷಾಯ. ಅದನ್ನು ಮರದಿಂದ ತೆಗೆಯಲು ಕತ್ತಿ ಮುಟ್ಟಿಸಬಾರದು, ಕಲ್ಲಿನಿಂದ ಜಜ್ಜಿಯೇ ಕೀಳಬೇಕು. ಆ ಕಹಿ ಕುಡಿದ ಬಾಯಿಗೆ ಮೆಂತೆಯ ಗಂಜಿ. ಇಂಥ ತಿಂಗಳಲ್ಲಿ ಮಕ್ಕಳನ್ನೂ ಹೆಂಗಸರನ್ನೂ ಸುಮ್ಮನೆ ಕೂರಿಸುವುದು ಸಾಧ್ಯವೇ? ಅದಕ್ಕೇ ಅಟ್ಟದಿಂದ ಚೆನ್ನೆಮಣೆ ಇಳಿಯುತ್ತಿತ್ತು.

ಮೈಸೂರಿನ ಕಡೆಯವರು ಅಳಗುಳಿಮಣೆ ಎನ್ನುವುದು ಇದಕ್ಕೇ. ನಮ್ಮದು ಹಲಸಿನ ಮರದ್ದು, ಅಜ್ಜಿಯ ಅಮ್ಮನ ಕಾಲದ್ದು, ಕೈ ತಾಗಿ ತಾಗಿ ಅಂಚೆಲ್ಲ ಕಪ್ಪಾಗಿ ಮಿರುಗುತ್ತಿತ್ತು. ಒಂದು ಬದಿಗೆ ಏಳು, ಇನ್ನೊಂದು ಬದಿಗೆ ಏಳು, ಒಟ್ಟು 14 ಗುಳಿ. ಗೆದ್ದ ಕಾಯಿ ಹಾಕಿಕೊಳ್ಳಲು ಎರಡು ತುದಿಗಳಲ್ಲಿ ಒಂದೊಂದು ದೊಡ್ಡ ಕುಳಿ. ಕಾಯಿ ಎಂದರೆ ಮಂಜೊಟ್ಟಿ. ಕೆಂಪಗೆ, ಹೊಳೆಯುವ, ಒಂದಕ್ಕೊಂದು ಅಳತೆ ತಪ್ಪದ ಬೀಜ. ಹಿಂದೆ ಅಕ್ಕಸಾಲಿಗರು ತಕ್ಕಡಿಗೆ ಹಾಕುತ್ತಿದ್ದುದೂ ಇದನ್ನೇ. ನಾಲ್ಕು ಬೀಜ ಸೇರಿದರೆ ಸುಮಾರು ಒಂದು ಗ್ರಾಮ್.

ಗುಳಿಗೆ ನಾಲ್ಕರಂತೆ 56 ಕಾಯಿ ತುಂಬಿ ಆಟ ಶುರು. ನನ್ನ ಬದಿಯ ಒಂದು ಗುಳಿಯ ಕಾಯಿಗಳನ್ನೆಲ್ಲ ತೆಗೆದು ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿತ್ತುತ್ತಾ ಹೋಗಬೇಕು. ಕೈ ಖಾಲಿಯಾದ ಕೂಡಲೇ ಅದರ ಮುಂದಿನ ಗುಳಿಯದನ್ನು ಎತ್ತಿ ಮತ್ತೆ ಬಿತ್ತನೆ. ಮುಂದಿನ ಗುಳಿ ಖಾಲಿ ಇದ್ದರೆ ಅದರಾಚೆಯ ಗುಳಿಯಲ್ಲಿ ಇದ್ದದ್ದೆಲ್ಲ ನನ್ನದು. ಅಲ್ಲಿಗೆ ನನ್ನ ಸರದಿ ಮುಗಿಯಿತು. ಕಾಯಿ ಮುಗಿದ ಮೇಲೆ ಗೆದ್ದದ್ದನ್ನು ಅವರವರ ಬದಿಗೆ ನಾಲ್ಕುನಾಲ್ಕಾಗಿ ತುಂಬಿಕೊಂಡು ಮತ್ತೆ ಆಟ. ಕಾಯಿ ಸಾಲದವರ ಗುಳಿ ಪಾಳು ಬೀಳುತ್ತದೆ. ಹೀಗೆ ಒಬ್ಬರ ಬದಿ ಪೂರ್ತಿ ಪಾಳು ಬೀಳುವವರೆಗೂ ಒಂದು ಆಟ ಎಳೆಯಬಹುದು. ಮಕ್ಕಳಾಟ ಎಂದು ತಿಳಿದವರು ಒಮ್ಮೆ ಕೂತು ನೋಡಬೇಕು. ಗುಳಿಯಲ್ಲಿ ಎಷ್ಟಿದೆ ಎಂದು ಬೆರಳು ಹಾಕಿ ಎಣಿಸಬಾರದು, ಕಣ್ಣಳತೆಯಲ್ಲೇ ತಿಳಿಯಬೇಕು. ಮೂರು ಬಿತ್ತನೆ ಮುಂದಿನದು ಈಗಲೇ ತಲೆಯಲ್ಲಿ ಇರಬೇಕು. ನಾಲ್ಕನೇ ಕ್ಲಾಸಿನಲ್ಲಿ ನನಗೆ ಮಗ್ಗಿ ಬಾಯಿಗೆ ಬಂದದ್ದು ಪುಸ್ತಕದಿಂದ ಅಲ್ಲ, ಅಜ್ಜಿಯ ಎದುರು ಸೋತು ಸೋತು.

ಅಜ್ಜಿಯ ಕಟ್ಟಳೆ ಮೂರು. ಆಟಿ ಮುಗಿದು ಸೋಣ ಬಂದರೆ ಮಣೆ ವಾಪಸ್ ಅಟ್ಟಕ್ಕೆ. ದೀಪ ಹಚ್ಚಿದ ಮೇಲೆ ಆಡುವಂತಿಲ್ಲ. ಮೂರನೆಯದು ಎಲ್ಲದಕ್ಕಿಂತ ಬಿಗಿ: ಒಡಹುಟ್ಟಿದ ಅಕ್ಕತಂಗಿಯರು ಎದುರುಬದುರು ಕೂರಬಾರದು. ನಾನೂ ತಂಗಿಯೂ ಎಷ್ಟು ಗೋಗರೆದರೂ ಕೇಳಲಿಲ್ಲ. ನನಗೆ ಜೊತೆ ಅಜ್ಜಿ, ತಂಗಿಗೆ ಚಿಕ್ಕಮ್ಮ. ಅಮ್ಮನಿಗೆ ಮಾತ್ರ ಜೊತೆಯಿಲ್ಲ. ಪಕ್ಕದ ಮನೆಯ ಅತ್ತಿಗೆ ಗೊರಬೆ ಹೊದ್ದುಕೊಂಡು ಬಂದ ದಿನ ಆಡುತ್ತಿದ್ದಳು, ಉಳಿದ ದಿನ ಕಂಬಕ್ಕೆ ಒರಗಿ ನಮ್ಮ ಆಟ ನೋಡುತ್ತಿದ್ದಳು. ಚಿಕ್ಕಮ್ಮ ಒಮ್ಮೆ ಕೇಳಿಯೂ ಬಿಟ್ಟಳು. "ಅಮ್ಮಾ, ಅಕ್ಕ ಎರಡು ಮಕ್ಕಳ ತಾಯಿ, ನನಗೆ ಮದುವೆಯಾಗಿದೆ. ನಮಗೂ ಈ ಕಟ್ಟು ಉಂಟಾ?" ಅಜ್ಜಿ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾ ಅಂದರು, "ಮದುವೆಯಾದರೆ ಅಕ್ಕ ತಂಗಿ ಅಲ್ಲದೆ ಹೋಗ್ತೀರಾ?"

ಆ ರಾತ್ರಿ ಗಾಳಿಮಳೆಗೆ ಎಲ್ಲೋ ಮರ ಬಿದ್ದು ಕರೆಂಟ್ ಹೋಗಿತ್ತು. ಅಜ್ಜಿ ಬೇಗ ಮಲಗಿದರು. ನಮ್ಮನ್ನೂ ಮಲಗಿಸಿದ್ದರು. ನಾವು ನಿದ್ದೆ ಮಾಡಲಿಲ್ಲ ಅಷ್ಟೇ. ಚಿಮಿಣಿ ದೀಪ ಹಿಡಿದು ಅಮ್ಮ ಮುಂದೆ, ಸೆರಗಿನಡಿ ಏನೋ ಅವುಚಿಕೊಂಡು ಚಿಕ್ಕಮ್ಮ ಹಿಂದೆ, ಇಬ್ಬರೂ ತುದಿಗಾಲಿನಲ್ಲಿ ಬಚ್ಚಲಿನ ಕಡೆ ಹೋದದ್ದು ಕಂಡಿತು. ನಾವೂ ಎದ್ದು ಹೋದೆವು. ಮಳೆಗಾಲದಲ್ಲಿ ನಮ್ಮ ಬಚ್ಚಲ ಒಲೆ ಆರುತ್ತಲೇ ಇರಲಿಲ್ಲ. ಮೇಲೆ ಬಿದಿರಿನ ಗಳಕ್ಕೆ ಒದ್ದೆ ಬಟ್ಟೆ ಹರವಿರುತ್ತಿತ್ತು, ಕೆಳಗೆ ತೆಂಗಿನ ಕೊತ್ತಳಿಗೆ ನಿಧಾನ ಉರಿಯುತ್ತಿತ್ತು. ಇಬ್ಬರೂ ಒಲೆಯ ಮುಂದೆ ಕೂತು, ಸದ್ದಾಗದ ಹಾಗೆ ಗೋಣಿಚೀಲ ಹಾಸಿ, ಅದರ ಮೇಲೆ ಮಣೆ ಇಟ್ಟಿದ್ದರು. ಕೆಂಡದೊಳಗೆ ಹಲಸಿನ ಬೀಜ ಹಾಕಿದ್ದರು.

ಅಮ್ಮ ಅಷ್ಟು ನಗುವುದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಚಿಕ್ಕಮ್ಮನ ಕೈ ಓಡುತ್ತಿತ್ತು, ಅಮ್ಮ ಯೋಚಿಸಿ ಯೋಚಿಸಿ ಬಿತ್ತುತ್ತಿದ್ದಳು. ಹಲಸಿನ ಬೀಜ ಕೆಂಡದಲ್ಲಿ ಟಪ್ ಎಂದರೆ ಇಬ್ಬರೂ ಬೆಚ್ಚಿ ಬಾಗಿಲ ಕಡೆ ನೋಡುವುದು, ಮತ್ತೆ ಸೆರಗಿನಿಂದ ಬಾಯಿ ಮುಚ್ಚಿ ನಗುವುದು. ಎರಡನೇ ಆಟದಲ್ಲಿ ಚಿಕ್ಕಮ್ಮ ಒಂದು ದೊಡ್ಡ ಗುಳಿ ಗೆದ್ದಳು. ಅಮ್ಮ ಕೈ ಅಡ್ಡ ಇಟ್ಟಳು.

"ಆ ಗುಳಿಗೆ ಎರಡು ಹಾಕಿದಿ ನೀನು."

"ಹಾಕಲಿಲ್ಲ."

"ನಾನು ನೋಡಿದೆ."

"ನೋಡಿದರೆ ಆಗಲೇ ಹೇಳಬೇಕಿತ್ತು. ಸೋಲುವಾಗ ನಿನಗೆ ಎಲ್ಲ ಕಾಣ್ತದೆ."

"ಸಣ್ಣದಿರುವಾಗಲೂ ನೀನು ಹೀಗೇ. ಕೈಗೆ ಬಂದದ್ದೆಲ್ಲ ನಿನ್ನದೇ."

ಅಲ್ಲಿಂದ ಮಾತು ಮಣೆ ಬಿಟ್ಟು ಎಲ್ಲಿಗೋ ಹೋಯಿತು. ಹೊಸ ಲಂಗವೆಲ್ಲ ಅಕ್ಕನಿಗೆ, ಅವಳು ಉಟ್ಟು ಬಿಟ್ಟದ್ದು ತನಗೆ ಎಂದಳು ಚಿಕ್ಕಮ್ಮ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ತಗ್ಗಿದ ದನಿಯಲ್ಲಿ ಅಂದಳು. "ನಿನ್ನನ್ನು ಎತ್ತಿ ಆಡಿಸಲಿಕ್ಕೆ ಜನ ಬೇಕು ಅಂತ ನನ್ನನ್ನು ಶಾಲೆ ಬಿಡಿಸಿದರು. ನೀನು ಎಸ್ಸೆಸ್ಸೆಲ್ಸಿ ಮಾಡಿದೆ. ನಾನು ಕೇಳಿದೆನಾ?" ಚಿಕ್ಕಮ್ಮ ಮಣೆಯನ್ನು ತನ್ನ ಕಡೆ ಎಳೆದಳು, ಅಮ್ಮ ತನ್ನ ಕಡೆ. ಮಂಜೊಟ್ಟಿ ಬಚ್ಚಲ ತುಂಬ ಚೆಲ್ಲಿತು.

"ಮಣೆ ಕೆಳಗಿಡಿ."

ಅಜ್ಜಿ ಯಾವಾಗ ಬಂದು ನಮ್ಮ ಬೆನ್ನ ಹಿಂದೆ ನಿಂತರೋ ಗೊತ್ತಿಲ್ಲ. ನಮ್ಮಿಬ್ಬರ ತಲೆಯ ಮೇಲಿಂದಲೇ ಒಳಗೆ ನೋಡುತ್ತಿದ್ದರು. ಆಮೇಲೆ ನಮ್ಮ ಹೆಗಲು ಹಿಡಿದು ಮುಂದಕ್ಕೆ ತಳ್ಳಿದರು. "ನೀವೂ ಬನ್ನಿ. ಕೇಳಬೇಕಾದವರು ನಾಲ್ಕೂ ಜನ ಒಂದೇ ಕಡೆ ಸಿಕ್ಕಿದಿರಿ." ಒಲೆಗೆ ಇನ್ನೊಂದು ಕೊತ್ತಳಿಗೆ ತುರುಕಿ, ಕಾಲು ಚಾಚಿ ಕೂತು, ಅಬ್ಬಗ ದಾರಗರ ಕಥೆ ಹೇಳಿದರು.

ಸತ್ಯನಾಪುರದ ಸಿರಿಯ ವಂಶ. ಸಿರಿಯ ಮಗಳು ಸೊನ್ನೆ. ಬಹಳ ಕಾಲ ಮಕ್ಕಳಿಲ್ಲದೆ, ಬೆರ್ಮರಿಗೆ ಹರಕೆ ಹೊತ್ತ ಮೇಲೆ ಹುಟ್ಟಿದ ಅವಳಿ ಹೆಣ್ಣುಮಕ್ಕಳು ಅಬ್ಬಗ ಮತ್ತು ದಾರಗ. ಮಕ್ಕಳು ಬಂದ ಸಂತೋಷದಲ್ಲಿ ಹರಕೆ ಮರೆತುಹೋಯಿತು. ಹುಡುಗಿಯರು ಬೆಳೆದರು. ಒಂದೇ ಬಟ್ಟಲಲ್ಲಿ ಉಂಡು, ಒಂದೇ ಚಾಪೆಯಲ್ಲಿ ಮಲಗಿ ಬೆಳೆದರು. ಒಂದು ದಿನ ತಂದೆತಾಯಿ ಮದುವೆಯ ಮಾತಿಗೆಂದು ಹೊರಟರು. ಹೊರಡುವಾಗ, ಚೆನ್ನೆಮಣೆ ಮುಟ್ಟಬೇಡಿ ಎಂದು ಹೇಳಿ, ಅದನ್ನು ಪೆಟ್ಟಿಗೆಯಲ್ಲಿಟ್ಟು ಹೋದರು. ಮುಟ್ಟಬೇಡಿ ಎಂದ ಮೇಲೆ ಬಿಡಲಾದೀತೇ? ಪೆಟ್ಟಿಗೆ ತೆರೆದರು, ಮಣೆ ಇಟ್ಟರು, ಎದುರುಬದುರು ಕೂತರು. ಕಾಯಿ ಒಬ್ಬಳ ಕಡೆಗೇ ಬಂತು. ಸೋತವಳಿಗೆ ತಡೆಯಲಾಗಲಿಲ್ಲ. ಮಾತಿಗೆ ಮಾತು ಬೆಳೆಯಿತು. ಮಣೆ ಎತ್ತಿ ಒಂದೇ ಏಟು. ಸತ್ತ ಮೇಲೆ ಗೊತ್ತಾಯಿತು ಯಾರನ್ನು ಕೊಂದೆ ಎಂದು. ಹೆಣವನ್ನು ಬಾವಿಗೆ ಹಾಕಿದಳು, ಹಿಂದಿನಿಂದ ತಾನೂ ಹಾರಿದಳು. ತಂದೆತಾಯಿ ಬಂದಾಗ ಮನೆಯಲ್ಲಿ ಯಾರೂ ಇಲ್ಲ.

ಅಜ್ಜಿ ಅಷ್ಟಕ್ಕೇ ನಿಲ್ಲಿಸಿದರು. ಯಾರೂ ಮಾತಾಡಲಿಲ್ಲ. ಕಡೆಗೆ ತಂಗಿ ಕೇಳಿದಳು, "ಮಣೆ ಏನಾಯಿತು ಅಜ್ಜಿ?"

"ಮಣೆಗೆ ಎಂಥ ಆಗ್ತದೆ ಮಗಾ? ಆಗುವುದೆಲ್ಲ ಮನುಷ್ಯರಿಗೆ."

ಅಮ್ಮನಿಗೂ ಚಿಕ್ಕಮ್ಮನಿಗೂ ಬೈಗುಳ ಬೀಳುತ್ತದೆಂದು ನಾವು ಕಾದೆವು. ಬೀಳಲಿಲ್ಲ. "56 ಕಾಯಿ ಎಣಿಸಿ ನನ್ನ ಕೈಗೆ ಕೊಡುವವರೆಗೆ ಇಬ್ಬರೂ ಮಲಗುವ ಹಾಗಿಲ್ಲ" ಎಂದರು, ಅಷ್ಟೇ. ಅಮ್ಮ ದೀಪ ಹಿಡಿದಳು, ಚಿಕ್ಕಮ್ಮ ಮೊಣಕಾಲೂರಿ ಹಂಡೆಯ ಹಿಂದೆ, ಸೌದೆಯ ಅಡಿಯಲ್ಲಿ, ಬಚ್ಚಲ ತೂಬಿನಲ್ಲಿ ತಡಕಾಡಿದಳು. ಕೊನೆಯ ಕಾಯಿ ಎಷ್ಟು ಹುಡುಕಿದರೂ ಇಲ್ಲ. ಆಮೇಲೆ ನೋಡಿದರೆ ಅದು ಅಮ್ಮನ ಸೆರಗಿನ ಮಡಿಕೆಯಲ್ಲೇ ಕೂತಿತ್ತು. ಚಿಕ್ಕಮ್ಮ ಅದನ್ನು ಎತ್ತಿ ತೋರಿಸಿ, "ಈಗ ಯಾರು ಕದ್ದದ್ದು ಹೇಳು" ಎಂದಳು. ಇಬ್ಬರೂ ನಕ್ಕರು. ಶಾಲೆಯ ಮಾತು ಅಲ್ಲಿಗೆ ತೀರಿತು ಎಂದು ನಾನು ಹೇಳಲಾರೆ. ಆದರೆ ಇಷ್ಟು ವರ್ಷ ಹೊಟ್ಟೆಯಲ್ಲಿದ್ದದ್ದು ಒಮ್ಮೆ ಹೊರಗೆ ಬಂದಿತ್ತು.

ಮರುದಿನ ಅಜ್ಜಿ ಚಿಕ್ಕಮ್ಮನನ್ನು ಕರೆದು ಮಣೆಯ ಒಂದೇ ಬದಿಗೆ ಕಾಯಿ ತುಂಬಿದರು. ಮೊದಲ ಗುಳಿಗೆ ಏಳು, ಮುಂದಿನದಕ್ಕೆ ಆರು, ಐದು, ನಾಲ್ಕು, ಮೂರು, ಎರಡು, ಕೊನೆಯದಕ್ಕೆ ಒಂದು. ಒಟ್ಟು 28. "ಏಳಿರುವ ಗುಳಿಯದನ್ನೆಲ್ಲ ತೆಗೆ. ಅದೇ ಗುಳಿಯಿಂದ ಶುರು ಮಾಡಿ ಒಂದೊಂದು ಬಿತ್ತು. ಕೊನೆಯ ಗುಳಿ ಆದ ಮೇಲೆ ತಿರುಗಿ ಮೊದಲನೆಯದಕ್ಕೆ ಬಾ." ಚಿಕ್ಕಮ್ಮ ಬಿತ್ತಿದಳು. ಮೊದಲ ಗುಳಿಯಲ್ಲಿ ಒಂದು ಉಳಿಯಿತು, ಆರಿದ್ದದ್ದು ಏಳಾಯಿತು, ಐದು ಆರಾಯಿತು. ಈಗ ಏಳು ಎರಡನೇ ಗುಳಿಯಲ್ಲಿ. ಅದನ್ನು ತೆಗೆದು ಬಿತ್ತಿದರೆ ಏಳು ಮೂರನೆಯದಕ್ಕೆ ಹೋಗುತ್ತದೆ. ಏಳು ಸಲ ಬಿತ್ತಿ ಮುಗಿದಾಗ ಮಣೆ ಶುರುವಿನಲ್ಲಿ ಹೇಗಿತ್ತೋ ಹಾಗೆಯೇ! ಎಲ್ಲಿಯೂ ತಪ್ಪಬಾರದು. ಒಂದು ಕಾಯಿ ಹೆಚ್ಚುಕಡಿಮೆ ಬಿದ್ದರೆ ಲೆಕ್ಕ ಕೂಡುವುದಿಲ್ಲ.

"ಇದರಲ್ಲಿ ಗೆಲ್ಲುವುದು ಯಾರು?" ಎಂದಳು ಚಿಕ್ಕಮ್ಮ.

"ಇದು ಸೀತೆಯ ಆಟ. ಅಶೋಕವನದಲ್ಲಿ ಅವಳಿಗೆ ಎದುರು ಕೂರಲಿಕ್ಕೆ ಯಾರಿದ್ದರು? ಹೊತ್ತು ಹೋಗ್ತದೆ. ಸಾಕಲ್ಲ?"

ಆಗ ನನಗೆ ಅದು ಶಿಕ್ಷೆಯ ಹಾಗೆ ಕಂಡಿತ್ತು. ಅಜ್ಜಿಯ ಲೆಕ್ಕವೇ ಬೇರೆ ಇತ್ತು. ಚಿಕ್ಕಪ್ಪನಿಗೆ ಮುಂಬಯಿಯಲ್ಲಿ ಹೋಟೆಲಿನ ಕೆಲಸ. ಸೋಣದಲ್ಲಿ ಚಿಕ್ಕಮ್ಮ ಅಲ್ಲಿಗೆ ಹೊರಟು ನಿಂತಾಗ ಹಪ್ಪಳ, ಉಪ್ಪಿನಕಾಯಿಗಳ ಜೊತೆ ಅಜ್ಜಿ ಒಂದು ಬಟ್ಟೆಯ ಗಂಟನ್ನೂ ಇಟ್ಟರು. ಅದರಲ್ಲಿ 28 ಮಂಜೊಟ್ಟಿ. ಚಿಕ್ಕಪ್ಪ ಬೆಳಗಾಗುವ ಮೊದಲು ಹೋದರೆ ಬರುವುದು ರಾತ್ರಿ. ಒಂದೇ ಕೋಣೆಯ ಮನೆ, ಹಿಂದಿ ಬಾರದು, ಮರಾಠಿ ಬಾರದು. ಮಧ್ಯಾಹ್ನದ ಹೊತ್ತಿಗೆ ನೆಲದ ಮೇಲೆ ಸೀಮೆಸುಣ್ಣದಿಂದ ಏಳು ವೃತ್ತ ಬರೆದು ಚಿಕ್ಕಮ್ಮ ಕಾಯಿ ಬಿತ್ತುತ್ತಿದ್ದಳಂತೆ. ಒಂದು ದಿನ ಬಾಗಿಲಲ್ಲಿ ನೆರೆಮನೆಯ ಸಣ್ಣ ಹುಡುಗಿ ನಿಂತು ನೋಡಿದಳು. ಮರುದಿನ ಒಳಗೆ ಬಂದು ಕೂತಳು. ಚಿಕ್ಕಮ್ಮ ಇನ್ನೂ ಏಳು ವೃತ್ತ ಬರೆದು, ಸಾಲದ ಕಾಯಿಗೆ ಹುಣಸೆಬೀಜ ಸೇರಿಸಿದಳು. ಚಿಕ್ಕಮ್ಮನಿಗೆ ಮೊದಲು ಬಂದ ಮರಾಠಿ ಶಬ್ದಗಳು ಒಂದರಿಂದ ಹತ್ತರವರೆಗಿನ ಎಣಿಕೆ.

ನಮ್ಮ ಮನೆಯಲ್ಲೂ ಆಟ ನಿಲ್ಲಲಿಲ್ಲ. ಮುಂದೆ ಚಿಕ್ಕಮ್ಮ ಊರಿಗೆ ಬಂದಾಗಲೆಲ್ಲ ಅಮ್ಮನೂ ಅವಳೂ ಎದುರುಬದುರು ಕೂರಲಿಲ್ಲ, ನಮ್ಮನ್ನು ಕೂರಿಸಿದರು. ಚಿಕ್ಕಮ್ಮನ ಎದುರು ನಾನು ಆಡುವುದು, ನನ್ನ ಬೆನ್ನ ಹಿಂದೆ ಅಮ್ಮ ಕೂತು ಚಿವುಟಿ ಸನ್ನೆ ಮಾಡುವುದು. ಕಟ್ಟಳೆ ಮುರಿಯಲಿಲ್ಲ, ಅಕ್ಕತಂಗಿಯರ ಪಂದ್ಯವೂ ತಪ್ಪಲಿಲ್ಲ. ಅಜ್ಜಿಗೆ ಎಲ್ಲ ಕಾಣುತ್ತಿತ್ತು. ಕಂಡರೂ ವೀಳ್ಯ ಅಗಿಯುತ್ತಾ ಕೂತಿರುತ್ತಿದ್ದರು.

ಅಜ್ಜಿ ಓದಿದವರಲ್ಲ. ಅಬ್ಬಗ ದಾರಗರ ಕಥೆ ಅವರಿಗೆ ಬಂದದ್ದು ನೇಜಿ ನೆಡುವ ಗದ್ದೆಯಲ್ಲಿ, ಹೆಂಗಸರು ಹಾಡುತ್ತಿದ್ದ ಪಾಡ್ದನದಿಂದ. ನಮ್ಮಲ್ಲಿಂದ ದೂರವಿಲ್ಲದ ನಂದಳಿಕೆಯಲ್ಲಿ, ಹಿರಿಯಡ್ಕದಲ್ಲಿ, ಕವತ್ತಾರಿನಲ್ಲಿ ವರ್ಷವರ್ಷವೂ ಸಿರಿಜಾತ್ರೆ ನಡೆಯುತ್ತದೆ, ಹೆಂಗಸರು ಸಿರಿಯ ಆವೇಶದಲ್ಲಿ ನಿಲ್ಲುತ್ತಾರೆ. ಬೆಳ್ತಂಗಡಿ ತಾಲ್ಲೂಕಿನ ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಸಿರಿಸಂಧಿಯನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಅವರು ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡರ ಜೊತೆ ಸೇರಿ ದಾಖಲಿಸಿ 1998ರಲ್ಲಿ ಪ್ರಕಟಿಸಿದರು. 15 ಸಾವಿರ ಸಾಲುಗಳನ್ನು ಮೀರಿದ ಮಹಾಕಾವ್ಯ. ಅದನ್ನು ಬಿಡಿಸಿ ಕೂತಾಗ ಕೊನೆಯ ಭಾಗದಲ್ಲಿ ಅಜ್ಜಿಯ ಚೆನ್ನೆಮಣೆ ಸಿಕ್ಕಿತು. ಒಂದು ಮಹಾಕಾವ್ಯ ಹೆಣ್ಣುಮಕ್ಕಳ ಆಟವೊಂದರಲ್ಲಿ ಬಂದು ಮುಗಿಯುತ್ತದೆ. ಪಗಡೆಯಿಂದ ರಾಜ್ಯ ಹೋದದ್ದನ್ನು ನಾವೆಲ್ಲ ಓದಿದ್ದೇವೆ. ಚೆನ್ನೆಮಣೆಗೂ ಅಷ್ಟೇ ಭಾರವಿದೆ ಎಂದು ತುಳುನಾಡಿನ ಹೆಂಗಸರಿಗೆ ಗೊತ್ತಿತ್ತು.

ಅಕ್ಕತಂಗಿಯರು ಆಡಬಾರದೆಂಬ ಮಾತನ್ನು ಮೂಢನಂಬಿಕೆ ಎನ್ನುವವರು ಅನ್ನಲಿ. ನನಗೆ ಅದರಲ್ಲಿ ಕಂಡದ್ದು ಬೇರೆ. ಒಂದೇ ಮನೆಯ ಇಬ್ಬರು ಹುಡುಗಿಯರು ಆಡುವಂತಿಲ್ಲ ಎಂದ ಮೇಲೆ ಅವರು ಎದುರಾಳಿಯನ್ನು ಹುಡುಕಲೇಬೇಕು. ಅಜ್ಜಿಯ ಹತ್ತಿರ ಹೋಗಬೇಕು, ಅತ್ತಿಗೆಯನ್ನು ಕರೆಯಬೇಕು, ಪಕ್ಕದ ಮನೆಯ ಬಾಗಿಲು ತಟ್ಟಬೇಕು. ಹಾಗಾಗಿ ಎಂಟು ವರ್ಷದ ಹುಡುಗಿಯೂ ಅರವತ್ತು ದಾಟಿದ ಮುದುಕಿಯೂ ಒಂದು ಮಣೆಯ ಎರಡು ಬದಿಗೆ ಸಮನಾಗಿ ಕೂರುತ್ತಿದ್ದರು. ಕಾಯಿ ಇಬ್ಬರಿಗೂ 28. ಅಜ್ಜಿ ಎಂದು ಯಾರೂ ಬಿಟ್ಟುಕೊಡುತ್ತಿರಲಿಲ್ಲ, ಮಗು ಎಂದು ಅಜ್ಜಿಯೂ ಬಿಡುತ್ತಿರಲಿಲ್ಲ.

ಈಗ ಆಟಿ ಬಂದರೆ ಊರೂರಿನ ಸಭಾಭವನಗಳಲ್ಲಿ 'ಆಟಿಡೊಂಜಿ ದಿನ' ನಡೆಯುತ್ತದೆ. ಪತ್ರೊಡೆಯ ಪಕ್ಕದಲ್ಲಿ ಮೇಜಿನ ಮೇಲೆ ಚೆನ್ನೆಮಣೆ ಇಡುತ್ತಾರೆ, ಗುಳಿಗೆ ನಾಲ್ಕು ಕಾಯಿ ಹಾಕಿ ಅಂದವಾಗಿ. ಜನ ಫೋಟೊ ತೆಗೆದುಕೊಂಡು ಮುಂದೆ ಹೋಗುತ್ತಾರೆ. ಅಂಗಡಿಗಳಲ್ಲೂ ಆನ್‌ಲೈನಿನಲ್ಲೂ ಪಾಲಿಶ್ ಮಾಡಿದ ಮಣೆ ಸಿಗುತ್ತದೆ. ಕೊಂಡು ಹುಡುಗಿಯ ಕೈಗಿಟ್ಟು, "ಆಡಿಕೋ, ಮೊಬೈಲ್ ಬಿಡು" ಎನ್ನುವವರನ್ನು ನೋಡಿದ್ದೇನೆ. ಅವಳು ಯಾರ ಜೊತೆ ಆಡಬೇಕು? ಮಣೆ ಇಲ್ಲದಿದ್ದರೆ ನಡೆಯುತ್ತದೆ. ನೆಲದ ಮೇಲೆ 14 ವೃತ್ತ, ಒಂದು ಮುಷ್ಟಿ ಹುಣಸೆಬೀಜ ಸಾಕು. ಎದುರು ಒಬ್ಬರು ಇಲ್ಲದಿದ್ದರೆ ನಡೆಯುವುದಿಲ್ಲ. ನಿಮ್ಮ ಮನೆಯಲ್ಲಿ ಹೆಣ್ಣುಮಗು ಇದ್ದರೆ ಈ ಮಳೆಗಾಲದಲ್ಲಿ ಅವಳ ಎದುರು ನೀವೇ ಕೂತುಕೊಳ್ಳಿ. ಬೇಕೆಂದೇ ಸೋಲಬೇಡಿ. ಅದು ಅವಳಿಗೆ ಕೂಡಲೇ ಗೊತ್ತಾಗುತ್ತದೆ.